ಬಿಪಿ ಮಾತ್ರೆ ಎಂಬ ಅರ್ಧ ಹೆಸರು

ಸಕ್ಕರೆ ಕಾಯಿಲೆ ಇರುವವರ ಮನೆಯ ಮಾತ್ರೆ ಡಬ್ಬಿಯಲ್ಲಿ ಸಕ್ಕರೆಯ ಮಾತ್ರೆಗಳ ಪಕ್ಕದಲ್ಲಿ ಇನ್ನೊಂದು ಸ್ಟ್ರಿಪ್ ಬಹಳ ಸಲ ಕಾಣುತ್ತದೆ. ಅದರ ಮೇಲಿನ ಹೆಸರು ‘ಪ್ರಿಲ್’ ಎಂದೋ ‘ಸಾರ್ಟನ್’ ಎಂದೋ ಮುಗಿಯುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್, ಹೀಗೆ. ಏನದು ಎಂದು ಕೇಳಿದರೆ ‘ಬಿಪಿ ಮಾತ್ರೆ’ ಅನ್ನುತ್ತಾರೆ. ಬಿಪಿ ಇರುವವರಿಗೆ ಈ ಉತ್ತರ ಸಾಕು. ಆದರೆ ನೋಡಿದಾಗಲೆಲ್ಲ ಬಿಪಿ ಸರಿಯಾಗಿಯೇ ಇರುವ ಕೆಲವರಿಗೂ ವೈದ್ಯರು ಇದನ್ನು ಬರೆಯುತ್ತಾರೆ. ಗೊಂದಲ ಶುರುವಾಗುವುದು ಆಗ. ನನಗೆ ಬಿಪಿಯೇ ಇಲ್ಲವಲ್ಲ, ಈ ಮಾತ್ರೆ ಯಾಕೆ ಎಂದುಕೊಂಡು ಎರಡು ತಿಂಗಳಿಗೆ ಬಿಟ್ಟುಬಿಡುವವರಿದ್ದಾರೆ. ಬಿಪಿ ಮಾತ್ರೆ ತಿಂದರೆ ಕಿಡ್ನಿ ಹಾಳಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಮುಟ್ಟದೇ ಇರುವವರೂ ಇದ್ದಾರೆ.

ನಿಜ ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ಅಂಥವರಿಗೆ ಆ ಮಾತ್ರೆಯನ್ನು ಬರೆದದ್ದೇ ಕಿಡ್ನಿಯನ್ನು ಉಳಿಸಿಕೊಳ್ಳಲಿ ಎಂದು. ಆದರೆ ಔಷಧ ಯಾವ ಕಾಯಿಲೆಗೆಂದು ಮೊದಲು ಅಂಗಡಿಗೆ ಬಂತೋ ಆ ಕಾಯಿಲೆಯ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಅದರ ಇನ್ನೊಂದು ಕೆಲಸ ಪತ್ತೆಯಾದ ಬಗೆ ಏನು, ಆ ಕೆಲಸ ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ನಿಜವಲ್ಲ ಎಂಬುದೇ ಈ ಬರಹ. ಕಿಡ್ನಿಯ ವಿಷಯದಲ್ಲಿ ಒಂದು ಉತ್ತರ ಸಿಗುತ್ತದೆ. ಕಣ್ಣಿನ ವಿಷಯದಲ್ಲಿ ಸಿಗುವುದು ಬೇರೆ ಉತ್ತರ.

ಚಮಚದಲ್ಲಿ ಕಾಯಿಸಿದ ಮೂತ್ರ

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯರಿದ್ದರು. ಮೈ ಊದಿಕೊಂಡು ಬರುತ್ತಿದ್ದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದಬತ್ತಿಯ ಉರಿಗೆ ಹಿಡಿದು ನೋಡುತ್ತಿದ್ದರು. ಕೆಲವರ ಮೂತ್ರ ಕಾಯುತ್ತಿದ್ದಂತೆ ಹೆಪ್ಪುಗಟ್ಟುತ್ತಿತ್ತು. ಅಂಥವರು ತೀರಿಕೊಂಡ ಮೇಲೆ ದೇಹ ತೆರೆದು ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದವು. ಮೂತ್ರದಲ್ಲಿ ಪ್ರೋಟೀನ್ ಬರುವುದಕ್ಕೂ ಕಿಡ್ನಿಯ ಕಾಯಿಲೆಗೂ ಇರುವ ಈ ನಂಟನ್ನು ಬ್ರೈಟ್ 1827ರಲ್ಲಿ ಪ್ರಕಟಿಸಿದರು. ಹೆಪ್ಪುಗಟ್ಟುತ್ತಿದ್ದ ಆ ಪ್ರೋಟೀನಿನ ಹೆಸರು ಅಲ್ಬುಮಿನ್. ಲ್ಯಾಟಿನ್ನಿನಲ್ಲಿ ಮೊಟ್ಟೆಯ ಬಿಳಿಗೆ ಇರುವ ಹೆಸರಿನಿಂದಲೇ ಬಂದ ಪದ ಅದು.

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ. ಒಂದೊಂದೂ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳ ಗಂಟು. ರಕ್ತ ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ನಡುವೆ ನೀರು, ಉಪ್ಪು, ಕಲ್ಮಶ ಸೋಸಿ ಕೆಳಗಿಳಿಯುತ್ತವೆ. ಅಲ್ಬುಮಿನ್ ದೊಡ್ಡ ಅಣು. ಜರಡಿ ಸರಿಯಿದ್ದರೆ ಅದು ರಕ್ತದಲ್ಲೇ ಉಳಿಯುತ್ತದೆ. ಮೂತ್ರದಲ್ಲಿ ಅಲ್ಬುಮಿನ್ ಕಂಡಿತೆಂದರೆ ಜರಡಿಯ ಕಣ್ಣು ಹಿಗ್ಗಿದೆ ಎಂದರ್ಥ.

ಬ್ರೈಟ್ ಕಾಲದಲ್ಲಿ ಇದು ಸಕ್ಕರೆ ಕಾಯಿಲೆಯವರ ದೊಡ್ಡ ಸಮಸ್ಯೆಯಾಗಿರಲಿಲ್ಲ. ಕಿಡ್ನಿ ಕೆಡುವಷ್ಟು ಕಾಲ ಅವರಲ್ಲಿ ಎಷ್ಟೋ ಮಂದಿ ಬದುಕುತ್ತಲೇ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಬರುವ, ಈಗ ಟೈಪ್ 1 ಎಂದು ಕರೆಯುವ ಸಕ್ಕರೆ ಕಾಯಿಲೆ ಬಂದರೆ ವರ್ಷವೋ ಎರಡು ವರ್ಷವೋ ಅಷ್ಟೇ. 1922ರಲ್ಲಿ ಇನ್ಸುಲಿನ್ ಬಂದ ಮೇಲೆ ಆ ಮಕ್ಕಳು ಬೆಳೆದು ದೊಡ್ಡವರಾದರು, ಮದುವೆಯಾದರು, ಕೆಲಸಕ್ಕೆ ಹೋದರು. ಹದಿನೈದು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹೊಸ ತೊಂದರೆಗಳು ತಲೆಯೆತ್ತಿದವು. ಕಣ್ಣಿನ ಪರದೆಯಲ್ಲಿ ರಕ್ತಸ್ರಾವ, ಕಾಲು ಊತ, ಮೂತ್ರದಲ್ಲಿ ನೊರೆ. 1936ರಲ್ಲಿ ಬಾಸ್ಟನ್ನಿನಲ್ಲಿ ಪಾಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ ಶವಪರೀಕ್ಷೆಯಲ್ಲಿ ಸಿಕ್ಕ ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಕ್ಕರೆ ಕಾಯಿಲೆಯವರ ಜರಡಿಗಳಲ್ಲಿ ಕಾಣುವ ವಿಶಿಷ್ಟ ಗಂಟುಗಳನ್ನು ವಿವರಿಸಿದರು. ಸಕ್ಕರೆಯಿಂದ ಉಳಿಸಿಕೊಂಡ ಜೀವವನ್ನು ಕಿಡ್ನಿ ಸೋತು ಕಳೆದುಕೊಳ್ಳುವುದು ಅಲ್ಲಿಂದ ಮುಂದೆ ಎಲ್ಲ ದೇಶಗಳ ಅನುಭವವಾಯಿತು. ಮೂತ್ರದಲ್ಲಿ ಅಲ್ಬುಮಿನ್ ಧಾರಾಳವಾಗಿ ಹೋಗತೊಡಗಿದ ಮೇಲೆ ಹೆಚ್ಚಿನವರು ಹತ್ತು ವರ್ಷ ಕಾಣುತ್ತಿರಲಿಲ್ಲ. ಡಯಾಲಿಸಿಸ್ ಬಂದ ಆರಂಭದ ವರ್ಷಗಳಲ್ಲೂ ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಳ್ಳಲು ಅನೇಕ ಕೇಂದ್ರಗಳು ಹಿಂದೆಮುಂದೆ ನೋಡುತ್ತಿದ್ದವು.

‘ಎಸೆನ್ಷಿಯಲ್’ ಎಂಬ ಪದದ ತೊಡಕು

ಇದೇ ಕಾಲದಲ್ಲಿ ಇನ್ನೊಂದು ದಾರಿಯಲ್ಲಿ ಕೆಲವರು ರಕ್ತದೊತ್ತಡವನ್ನು ಅರ್ಥಮಾಡಿಕೊಳ್ಳಲು ಹೊರಟಿದ್ದರು. ಅವರೂ ಬಂದು ತಲುಪಿದ್ದು ಕಿಡ್ನಿಗೇ.

1898ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಬರ್ಟ್ ಟೀಗರ್‌ಸ್ಟೆಟ್ ಮತ್ತು ಪೆರ್ ಬರ್ಗ್‌ಮನ್ ಮೊಲದ ಮೂತ್ರಪಿಂಡವನ್ನು ಅರೆದು ತೆಗೆದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಆ ರಸದಲ್ಲಿದ್ದ ವಸ್ತುವಿಗೆ ‘ರೆನಿನ್’ ಎಂದು ಹೆಸರಿಟ್ಟರು. ಬಹುಕಾಲ ಯಾರೂ ಅದನ್ನು ಗಮನಿಸಲಿಲ್ಲ. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಬೆಳ್ಳಿಯ ಹಿಡಿಕೆಯಿಂದ ಅರ್ಧ ಹಿಸುಕಿದರು. ತನಗೆ ರಕ್ತ ಸಾಲುತ್ತಿಲ್ಲ ಎಂದು ಕಂಡ ಕಿಡ್ನಿ ಇಡೀ ದೇಹದ ಒತ್ತಡವನ್ನೇ ಏರಿಸಿತು. ಈ ಕೆಲಸವನ್ನು ಮಾಡಿಸುವ ವಸ್ತು ಯಾವುದೆಂದು ಹುಡುಕಿದ ಎರಡು ತಂಡಗಳಿಗೆ ಒಂದೇ ಹೊತ್ತಿಗೆ ಒಂದೇ ಉತ್ತರ ಸಿಕ್ಕಿತು. ಬ್ಯೂನಸ್ ಐರಿಸ್‌ನ ಎಡ್ವಾರ್ಡೊ ಬ್ರೌನ್ ಮೆನೆಂಡೆಸ್ ಅದನ್ನು ‘ಹೈಪರ್‌ಟೆನ್ಸಿನ್’ ಎಂದರು. ಇಂಡಿಯಾನಾಪೊಲಿಸ್‌ನ ಅರ್ವಿನ್ ಪೇಜ್ ‘ಆಂಜಿಯೊಟೊನಿನ್’ ಎಂದರು. ಸುಮಾರು ಎರಡು ದಶಕ ಎರಡೂ ಹೆಸರು ಓಡಾಡಿದವು. 1958ರಲ್ಲಿ ಇಬ್ಬರೂ ರಾಜಿಯಾಗಿ ಒಬ್ಬರ ಹೆಸರಿನ ತಲೆಗೆ ಇನ್ನೊಬ್ಬರ ಹೆಸರಿನ ಬಾಲ ಜೋಡಿಸಿದರು. ಅದೇ ಇವತ್ತಿನ ಆಂಜಿಯೊಟೆನ್ಸಿನ್. ಅಷ್ಟರಲ್ಲಿ ಕ್ಲೀವ್‌ಲ್ಯಾಂಡಿನ ಲಿಯೊನಾರ್ಡ್ ಸ್ಕೆಗ್ಸ್ ಇನ್ನೊಂದು ಹಂತವನ್ನು ಪತ್ತೆ ಮಾಡಿದ್ದರು. ಆಂಜಿಯೊಟೆನ್ಸಿನ್ ಮೊದಲು ನಿಷ್ಕ್ರಿಯವಾಗಿ ಹುಟ್ಟುತ್ತದೆ. ಒಂದು ಕಿಣ್ವ ಅದರ ತುದಿಯನ್ನು ಕತ್ತರಿಸಿದಾಗಲೇ ರಕ್ತನಾಳಗಳನ್ನು ಬಿಗಿಯುವ ಶಕ್ತಿ ಅದಕ್ಕೆ ಬರುತ್ತದೆ.

ಇಷ್ಟೆಲ್ಲ ಗೊತ್ತಾಗುತ್ತಿದ್ದರೂ ಹೆಚ್ಚಿದ ಒತ್ತಡವನ್ನು ಇಳಿಸಬೇಕೇ ಬೇಡವೇ ಎಂಬುದೇ ಇತ್ಯರ್ಥವಾಗಿರಲಿಲ್ಲ. ಕಾರಣ ಗೊತ್ತಿಲ್ಲದ ಅಧಿಕ ರಕ್ತದೊತ್ತಡಕ್ಕೆ 1911ರಲ್ಲಿ ಜರ್ಮನ್ ವೈದ್ಯ ಎಬರ್‌ಹಾರ್ಡ್ ಫ್ರಾಂಕ್ ‘ಎಸೆನ್ಷಿಯಲ್’ ಎಂಬ ವಿಶೇಷಣ ಕೊಟ್ಟಿದ್ದರು. ಅನುವಾದ ನನ್ನ ಕಸುಬು. ಈ ಪದ ಎದುರಾದಾಗಲೆಲ್ಲ ಕೈ ತಡೆಯುತ್ತದೆ. ವೈದ್ಯಕೀಯದಲ್ಲಿ ಅದರ ಅರ್ಥ ‘ಬೇರೆ ಕಾರಣವಿಲ್ಲದ, ತಾನಾಗಿ ಬಂದ’ ಎಂದಷ್ಟೆ. ನಿಘಂಟು ನೋಡಿ ‘ಅತ್ಯವಶ್ಯಕ’ ಎಂದು ಬರೆದರೆ ಅನರ್ಥ. ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಎಷ್ಟೋ ವೈದ್ಯರ ಮನಸ್ಸಿನಲ್ಲಿದ್ದದ್ದು ಆ ಅನರ್ಥವೇ. ರಕ್ತನಾಳಗಳು ಕಿರಿದಾಗಿವೆ, ಅವುಗಳಲ್ಲಿ ರಕ್ತ ನುಗ್ಗಿಸಲು ದೇಹ ಒತ್ತಡ ಏರಿಸಿಕೊಂಡಿದೆ, ಇಳಿಸಿದರೆ ಕಿಡ್ನಿಗೆ ರಕ್ತ ಸಾಲದೆ ಅದು ಬೇಗ ಸಾಯುತ್ತದೆ ಎಂಬ ನಂಬಿಕೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರ ಒತ್ತಡವನ್ನು ಮುಟ್ಟಲು ವೈದ್ಯರು ಹೆದರುತ್ತಿದ್ದುದಕ್ಕೆ ಇದು ಒಂದು ಕಾರಣ.

ಹಾವಿನ ವಿಷದ ಬಾಲ

ಒತ್ತಡದ ಆ ಕಿಣ್ವಕ್ಕೆ ಕಡಿವಾಣ ಸಿಕ್ಕಿದ್ದು ಹಾವಿನಲ್ಲಿ. ಬ್ರೆಜಿಲಿನ ಹೊಲ ತೋಟಗಳಲ್ಲಿ ಜರರಾಕ ಎಂಬ ಮಂಡಲ ಹಾವಿನ ಜಾತಿಯ ಹಾವಿದೆ. ಅದು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತದೆ. 1940ರ ದಶಕದ ಕೊನೆಯಲ್ಲಿ ಸಾವೊ ಪೌಲೊದಲ್ಲಿ ಮೌರಿಸಿಯೊ ರೋಚಾ ಎ ಸಿಲ್ವಾ ಮತ್ತು ಸಂಗಡಿಗರು ಈ ವಿಷ ರಕ್ತಕ್ಕೆ ಬೆರೆತಾಗ ಹುಟ್ಟುವ ವಸ್ತುವೊಂದನ್ನು ಕಂಡರು. ಅದು ಪ್ರಾಣಿಯ ಕರುಳಿನ ತುಂಡನ್ನು ನಿಧಾನವಾಗಿ ಕುಗ್ಗಿಸುತ್ತಿತ್ತು. ‘ನಿಧಾನ’ ಮತ್ತು ‘ಚಲನೆ’ ಎಂಬ ಗ್ರೀಕ್ ಪದಗಳಿಂದ ಅದಕ್ಕೆ ‘ಬ್ರಾಡಿಕೈನಿನ್’ ಎಂದು ಹೆಸರಾಯಿತು. ರಕ್ತನಾಳಗಳನ್ನು ಸಡಿಲಿಸುವುದು ಅದರ ಗುಣ.

ಅವರ ಶಿಷ್ಯ ಸರ್ಜಿಯೊ ಫೆರೇರಾ ಅದೇ ವಿಷದಲ್ಲಿ ಬ್ರಾಡಿಕೈನಿನ್ನಿನ ಪರಿಣಾಮವನ್ನು ಹೆಚ್ಚಿಸುವ ಇನ್ನೊಂದು ಅಂಶವನ್ನು ಕಂಡುಹಿಡಿದು 1965ರಲ್ಲಿ ಪ್ರಕಟಿಸಿದರು. ಅದನ್ನು ಲಂಡನ್ನಿಗೆ, ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿದ್ದ ವೈ. ಎಸ್. ಬಖ್ಲೆ 1968ರಲ್ಲಿ ತೋರಿಸಿದಂತೆ, ವಿಷದ ಆ ಅಂಶ ಆಂಜಿಯೊಟೆನ್ಸಿನ್ನಿನ ತುದಿ ಕತ್ತರಿಸುವ ಕಿಣ್ವವನ್ನೂ ತಡೆಯುತ್ತಿತ್ತು. ಎರಡೂ ಒಂದೇ ಕಿಣ್ವದ ಕೆಲಸ. ಅದು ಒಂದು ಕೈಯಲ್ಲಿ ಬಿಗಿಯುವ ವಸ್ತುವನ್ನು ತಯಾರಿಸುತ್ತದೆ, ಇನ್ನೊಂದು ಕೈಯಲ್ಲಿ ಸಡಿಲಿಸುವ ಬ್ರಾಡಿಕೈನಿನ್ನನ್ನು ಮುರಿದು ಹಾಕುತ್ತದೆ. ಹಾವಿನ ವಿಷ ಎರಡು ಕೈಗಳನ್ನೂ ಕಟ್ಟುತ್ತದೆ.

ವೇನ್ ಇದನ್ನು ತಾವು ಸಲಹೆಗಾರರಾಗಿದ್ದ ಅಮೆರಿಕದ ಸ್ಕ್ವಿಬ್ ಕಂಪನಿಯ ಗಮನಕ್ಕೆ ತಂದರು. ನ್ಯೂಜೆರ್ಸಿಯಲ್ಲಿ ಡೇವಿಡ್ ಕುಶ್ಮನ್ ಮತ್ತು ಮಿಗೆಲ್ ಒಂಡೆಟ್ಟಿ ವಿಷದ ಒಂದು ತುಣುಕನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಒಂಬತ್ತು ಅಮೈನೊ ಆಮ್ಲಗಳ ಆ ಸರಪಳಿ ಒತ್ತಡವನ್ನು ಇಳಿಸುತ್ತಿತ್ತು, ಆದರೆ ಚುಚ್ಚಿಯೇ ಕೊಡಬೇಕು. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. 1974ರಲ್ಲಿ, ಇದೇ ಬಗೆಯ ಇನ್ನೊಂದು ಕಿಣ್ವವನ್ನು ತೀರಾ ಚಿಕ್ಕ ಅಣುವೊಂದು ತಡೆಯುತ್ತದೆ ಎಂಬ ಪ್ರಬಂಧ ಅವರ ಕಣ್ಣಿಗೆ ಬಿತ್ತು. ವಿಷದ ಸರಪಳಿಯ ಕೊನೆಯಲ್ಲಿದ್ದ ಪ್ರೋಲಿನ್ ಎಂಬ ಕೊಂಡಿಯನ್ನು ಮಾತ್ರ ಉಳಿಸಿಕೊಂಡು, ಉಳಿದದ್ದನ್ನು ಬಿಟ್ಟು, ಕಿಣ್ವದ ಒಳಗಿನ ಸತುವಿಗೆ ಅಂಟುವಂಥ ಪುಟ್ಟ ಅಣುವನ್ನು ಅವರು ರೂಪಿಸಿದರು. ಅದೇ ಕ್ಯಾಪ್ಟೋಪ್ರಿಲ್. ಅಮೆರಿಕದಲ್ಲಿ 1981ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ‘ಪ್ರಿಲ್’ ಎಂಬುದು ಅಲ್ಲಿಂದ ಮುಂದೆ ಈ ಇಡೀ ಕುಟುಂಬದ ಪ್ರತ್ಯಯವಾಯಿತು. ಬ್ರಾಡಿಕೈನಿನ್ ಉಳಿದುಬಿಡುವ ಕಾರಣಕ್ಕೇ ಪ್ರಿಲ್ ತೆಗೆದುಕೊಳ್ಳುವ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಮುಂದೆ ಬಂದ ಸಾರ್ಟನ್‌ಗಳು ಕಿಣ್ವವನ್ನು ಮುಟ್ಟುವುದಿಲ್ಲ. ತಯಾರಾದ ಆಂಜಿಯೊಟೆನ್ಸಿನ್ ಹೋಗಿ ಕೂರುವ ಜಾಗವನ್ನಷ್ಟೇ ಮುಚ್ಚುತ್ತವೆ. ಆದ್ದರಿಂದ ಅವುಗಳಲ್ಲಿ ಕೆಮ್ಮು ಕಡಿಮೆ.

ಕ್ಯಾಪ್ಟೋಪ್ರಿಲ್ ಮೊದಲಿಗೆ ಬಂದದ್ದು ಭಾರಿ ಪ್ರಮಾಣದಲ್ಲಿ, ಬೇರೆ ಯಾವ ಔಷಧಕ್ಕೂ ಬಗ್ಗದ ಬಿಪಿಗೆ. ಆಗ ಪಟ್ಟಿಮಾಡಿದ ಅಡ್ಡಪರಿಣಾಮಗಳಲ್ಲಿ ಚರ್ಮದ ದದ್ದು, ನಾಲಿಗೆ ರುಚಿ ಕೆಡುವುದು, ಬಿಳಿ ರಕ್ತಕಣ ಕಡಿಮೆಯಾಗುವುದರ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದೂ ಇತ್ತು. ಪ್ರೋಟೀನ್ ಸೋರಿಕೆ ತಡೆಯಲು ಇದೇ ಮಾತ್ರೆ ಕೊಡುವ ದಿನ ಬರುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಂಬುವುದು ಕಷ್ಟವಿತ್ತು.

ಡೆನ್ಮಾರ್ಕಿನ ಹತ್ತು ಮಂದಿ

ಒತ್ತಡ ಇಳಿಸಿದರೆ ಕಿಡ್ನಿ ಸಾಯುತ್ತದೆ ಎಂಬ ಹೆದರಿಕೆಯನ್ನು ಮುರಿದವರು ಡೆನ್ಮಾರ್ಕಿನವರು. ಆರ್ಹುಸ್‌ನಲ್ಲಿ ಕಾರ್ಲ್ ಎರಿಕ್ ಮೊಗೆನ್ಸನ್ 1970ರ ದಶಕದಲ್ಲೇ ಕಿಡ್ನಿ ಕೆಡುತ್ತಿದ್ದ ಕೆಲವೇ ರೋಗಿಗಳ ಬಿಪಿ ಇಳಿಸಿ ವರ್ಷಗಟ್ಟಲೆ ಅಳೆಯುತ್ತ ಬಂದರು. ಕೋಪನ್‌ಹೇಗನ್ ಬಳಿಯ ಸ್ಟೆನೊ ಆಸ್ಪತ್ರೆಯ ಹಾನ್ಸ್ ಹೆನ್ರಿಕ್ ಪಾರ್ವಿಂಗ್ 1983ರಲ್ಲಿ ಹತ್ತು ರೋಗಿಗಳ ಲೆಕ್ಕ ಪ್ರಕಟಿಸಿದರು. ಆರೋಗ್ಯವಂತ ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 100 ಮಿಲಿಲೀಟರ್ ಸೋಸುತ್ತವೆ. ಚಿಕಿತ್ಸೆಗೆ ಮೊದಲು ಈ ಹತ್ತು ಮಂದಿಯ ಸೋಸುವ ಶಕ್ತಿ ತಿಂಗಳಿಗೆ ಸುಮಾರು 0.9 ಮಿಲಿಲೀಟರಿನಂತೆ ಕುಸಿಯುತ್ತಿತ್ತು. ಬಿಪಿ ಇಳಿಸಿದ ಮೇಲೆ ಕುಸಿತ ತಿಂಗಳಿಗೆ ಸುಮಾರು 0.4ಕ್ಕೆ ಇಳಿಯಿತು. ವರ್ಷದ ಲೆಕ್ಕದಲ್ಲಿ 11 ಕಳೆದುಕೊಳ್ಳುತ್ತಿದ್ದವರು 5 ಕಳೆದುಕೊಂಡರು. ಡಯಾಲಿಸಿಸ್ ಎಂಬುದು ಅಷ್ಟು ವರ್ಷ ದೂರ ಹೋಯಿತು. ಅವರಿಗೆ ಕೊಟ್ಟದ್ದು ಆಗಿನ ಸಾಮಾನ್ಯ ಬಿಪಿ ಔಷಧಗಳನ್ನೇ, ಪ್ರಿಲ್ ಅಲ್ಲ.

ಇದೇ ಹೊತ್ತಿಗೆ ಸೋರಿಕೆಯನ್ನು ಬೇಗ ನೋಡುವ ಕಣ್ಣೂ ಬಂತು. ಬ್ರೈಟ್ ಅವರ ಮೇಣದಬತ್ತಿಗೆ ಕಾಣುತ್ತಿದ್ದುದು ಧಾರಾಳ ಸೋರಿಕೆ ಮಾತ್ರ. ಅದೇ ಗೈಸ್ ಆಸ್ಪತ್ರೆಯಲ್ಲಿ 1963ರಲ್ಲಿ ಹ್ಯಾರಿ ಕೀನ್ ಮತ್ತು ಸಹೋದ್ಯೋಗಿ ಮೂತ್ರದಲ್ಲಿ ತೀರಾ ಅಲ್ಪ ಅಲ್ಬುಮಿನ್ನನ್ನೂ ಅಳೆಯುವ ವಿಧಾನ ಕಂಡುಹಿಡಿದರು. ದಿನಕ್ಕೆ 30ರಿಂದ 300 ಮಿಲಿಗ್ರಾಂ ಸೋರುತ್ತಿರುವವರೇ ಮುಂದೆ ಧಾರಾಳ ಸೋರಿಕೆಯ ಕಡೆ ಸಾಗುವವರು ಎಂದು 1980ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ ಮತ್ತು ಡೆನ್ಮಾರ್ಕಿನ ಸಂಶೋಧಕರು ತೋರಿಸಿದರು. ಅದಕ್ಕೆ ‘ಮೈಕ್ರೊ ಅಲ್ಬುಮಿನ್’ ಎಂಬ ಹೆಸರು ಬಿತ್ತು. ಇದೂ ಅರ್ಧ ಹೆಸರೇ. ಅಲ್ಬುಮಿನ್ ಚಿಕ್ಕದಲ್ಲ, ಅದರ ಪ್ರಮಾಣ ಚಿಕ್ಕದು. ‘ಮೈಕ್ರೊ’ ಕೇಳಿದವರು ಅಪಾಯವೂ ಚಿಕ್ಕದೆಂದು ತಿಳಿಯುತ್ತಾರೆ. ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಈಗ ಆ ಪದವನ್ನು ಕೈಬಿಟ್ಟಿವೆ. ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಅದಿನ್ನೂ ಉಳಿದಿದೆ.

ಜರಡಿಯ ಒಳಗಿನ ಒತ್ತಡ

ಬಿಪಿ ಇಳಿದರೆ ಕಿಡ್ನಿಗೆ ಒಳ್ಳೆಯದು ಎಂಬುದು ಹೀಗೆ ಗೊತ್ತಾಯಿತು. ಬಿಪಿ ಸರಿಯಿದ್ದರೂ ಒಂದು ನಿರ್ದಿಷ್ಟ ಮಾತ್ರೆ ಯಾಕೆ ಬೇಕು ಎಂಬುದಕ್ಕೆ ಉತ್ತರ ಬಂದದ್ದು ಬಾಸ್ಟನ್ನಿನಿಂದ.

ಅಲ್ಲಿ ಬ್ಯಾರಿ ಬ್ರೆನ್ನರ್ ಅವರ ತಂಡ ಒಂದು ಜಾತಿಯ ಇಲಿಯನ್ನು ಸಾಕಿಕೊಂಡಿತ್ತು. ಅದರ ಕಿಡ್ನಿಯ ಜರಡಿಗಳು ಮೇಲ್ಮೈಯಲ್ಲೇ ಇರುವುದರಿಂದ ಕೂದಲಿನಷ್ಟು ತೆಳುವಾದ ಗಾಜಿನ ಕೊಳವೆ ತೂರಿಸಿ ಒಂದೊಂದು ಜರಡಿಯೊಳಗಿನ ಒತ್ತಡವನ್ನೂ ನೇರವಾಗಿ ಅಳೆಯಬಹುದಿತ್ತು. ಸಕ್ಕರೆ ಕಾಯಿಲೆ ತರಿಸಿದ ಇಲಿಗಳಲ್ಲಿ ಮೈಯ ಬಿಪಿ ಹೆಚ್ಚಿರಲಿಲ್ಲ. ಆದರೆ ಜರಡಿಯೊಳಗಿನ ಒತ್ತಡ ಹೆಚ್ಚಿತ್ತು. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಬಿಪಿಯಲ್ಲಿ ಕಾಣದ ಒತ್ತಡ ಅದು.

ಅದು ಹೀಗೆ: ಜರಡಿಗೆ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಇನ್ನೊಂದು. ತೋಟಕ್ಕೆ ನೀರು ಬಿಡುವ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಪೈಪಿನೊಳಗೆ ಒತ್ತಡ ಏರುತ್ತದಲ್ಲ, ಆಂಜಿಯೊಟೆನ್ಸಿನ್ ಮಾಡುವುದು ಅದನ್ನೇ. ಅದು ಹೊರಹೋಗುವ ನಾಳವನ್ನು ಹೆಚ್ಚು ಬಿಗಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಒಳಬರುವ ನಾಳ ಹಿಗ್ಗಿರುತ್ತದೆ. ಬರುವ ರಕ್ತ ಹೆಚ್ಚು, ಹೋಗುವ ದಾರಿ ಇಕ್ಕಟ್ಟು. ವರ್ಷಾನುಗಟ್ಟಲೆ ಈ ಒತ್ತಡ ತಡೆದ ಜರಡಿ ಹಿಗ್ಗಿ ಸೋರುತ್ತದೆ, ಕೊನೆಗೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಬ್ರೆಜಿಲಿನಿಂದ ಬಂದಿದ್ದ ರಾಬರ್ಟೊ ಜಾಟ್ಜ್ ಮತ್ತು ಬ್ರೆನ್ನರ್ ತಂಡದ ಇತರರು ಇಲಿಗಳಿಗೆ ಎನಲಾಪ್ರಿಲ್ ಕೊಟ್ಟರು. ಸಕ್ಕರೆ ಇದ್ದಲ್ಲೇ ಇತ್ತು. ಆದರೆ ಹೆಬ್ಬೆರಳು ಸಡಿಲವಾಯಿತು, ಒಳಗಿನ ಒತ್ತಡ ಇಳಿಯಿತು, ಸೋರಿಕೆ ಬರಲಿಲ್ಲ. ಈ ಫಲಿತಾಂಶ 1986ರಲ್ಲಿ ಪ್ರಕಟವಾಯಿತು.

‘ಮಾತ್ರೆ ಶುರುಮಾಡಿದ ಮೇಲೆ ಕ್ರಿಯಾಟಿನಿನ್ ಏರಿತು’ ಎಂಬ ಭಯಕ್ಕೂ ಇದೇ ವಿವರಣೆ. ಒಳಗಿನ ಒತ್ತಡ ಇಳಿದಾಗ ಸೋಸುವಿಕೆ ಮೊದಲಿಗೆ ತುಸು ತಗ್ಗುತ್ತದೆ, ಕ್ರಿಯಾಟಿನಿನ್ ತುಸು ಏರುತ್ತದೆ. ಶೇ 30ರೊಳಗಿನ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾದರೆ ಕಿಡ್ನಿಯ ರಕ್ತನಾಳವೇ ಕಿರಿದಾಗಿದೆಯೇ, ದೇಹದಲ್ಲಿ ನೀರು ಕಡಿಮೆಯಾಗಿದೆಯೇ ಎಂದು ಹುಡುಕುತ್ತಾರೆ. ಶುರುಮಾಡಿದ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಬರೆಯುವುದು ಇದಕ್ಕಾಗಿಯೇ. ಆ ರಿಪೋರ್ಟಿನ ಸಣ್ಣ ಏರಿಕೆ ನೋಡಿ ‘ಮಾತ್ರೆ ಕಿಡ್ನಿ ತಿನ್ನುತ್ತಿದೆ’ ಎಂದು ನಿಲ್ಲಿಸಿದರೆ, ಮಾತ್ರೆ ಕೆಲಸ ಶುರುಮಾಡಿದ ಗುರುತನ್ನೇ ಅಪರಾಧವೆಂದು ಓದಿದಂತೆ.

409 ಮಂದಿ, ಆಮೇಲೆ ಮೂರು ಸಾವಿರಕ್ಕೂ ಹೆಚ್ಚು

ಇಲಿಯಲ್ಲಿ ನಿಜವಾದದ್ದು ಮನುಷ್ಯರಲ್ಲಿ ನಿಜವಾಗಬೇಕಲ್ಲ. ಷಿಕಾಗೊದ ಎಡ್ಮಂಡ್ ಲೂಯಿಸ್ ಮುಂದಾಳತ್ವದಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯ, ಆಗಲೇ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದ 409 ಮಂದಿಯನ್ನು ಎರಡು ಗುಂಪು ಮಾಡಿದರು. 207 ಜನಕ್ಕೆ ದಿನಕ್ಕೆ ಮೂರು ಸಲ 25 ಮಿಲಿಗ್ರಾಂ ಕ್ಯಾಪ್ಟೋಪ್ರಿಲ್, 202 ಜನಕ್ಕೆ ಹುಸಿ ಮಾತ್ರೆ. ಎರಡೂ ಗುಂಪಿನವರ ಬಿಪಿಯನ್ನು ಬೇರೆ ಔಷಧಗಳಿಂದ ಹತೋಟಿಯಲ್ಲಿಟ್ಟರು. ಹಾಗಾಗಿ ಬಿಪಿಯಲ್ಲಿ ಉಳಿದ ವ್ಯತ್ಯಾಸ ಅಲ್ಪ. 1993ರ ನವೆಂಬರಿನಲ್ಲಿ ಫಲಿತಾಂಶ ಬಂತು. ಕ್ರಿಯಾಟಿನಿನ್ ದುಪ್ಪಟ್ಟಾದವರು ಹುಸಿ ಮಾತ್ರೆಯವರಲ್ಲಿ 43, ಕ್ಯಾಪ್ಟೋಪ್ರಿಲ್‌ನವರಲ್ಲಿ 25. ಸಾವು, ಡಯಾಲಿಸಿಸ್, ಕಸಿ ಮೂರನ್ನೂ ಸೇರಿಸಿ ಎಣಿಸಿದರೆ ಅಪಾಯ ಅರ್ಧಕ್ಕೆ ಇಳಿದಿತ್ತು. ಬಿಪಿಯ ಆ ಅಲ್ಪ ವ್ಯತ್ಯಾಸದಿಂದ ಇದನ್ನು ವಿವರಿಸಲಾಗುತ್ತಿರಲಿಲ್ಲ.

ಆದರೆ ಸಕ್ಕರೆ ಕಾಯಿಲೆಯವರಲ್ಲಿ ಬಹುಪಾಲು ಮಂದಿಯದು ಟೈಪ್ 2. ಅವರಿಗೂ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಇನ್ನೂ ಎಂಟು ವರ್ಷ ಕಾಯಬೇಕಾಯಿತು. 2001ರ ಸೆಪ್ಟೆಂಬರಿನಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ಅಧ್ಯಯನಗಳು ಬಂದವು, ಮೂರೂ ಸಾರ್ಟನ್‌ಗಳ ಮೇಲೆ. ಬ್ರೆನ್ನರ್ ನಡೆಸಿದ್ದರಲ್ಲಿ 1,513 ರೋಗಿಗಳಿಗೆ ಲೋಸಾರ್ಟನ್ ಅಥವಾ ಹುಸಿ ಮಾತ್ರೆ. ಲೂಯಿಸ್ ನಡೆಸಿದ್ದರಲ್ಲಿ 1,715 ರೋಗಿಗಳಿಗೆ ಇರ್ಬೆಸಾರ್ಟನ್, ಅಮ್ಲೋಡಿಪಿನ್ ಅಥವಾ ಹುಸಿ ಮಾತ್ರೆ. ಪಾರ್ವಿಂಗ್ ಅವರದರಲ್ಲಿ ಅಲ್ಪ ಸೋರಿಕೆಯ 590 ರೋಗಿಗಳು.

ಅಮ್ಲೋಡಿಪಿನ್ ಹೋಲಿಕೆ ಇಲ್ಲಿ ಮುಖ್ಯ. ಅದು ನಮ್ಮಲ್ಲೂ ಮನೆಮಾತಾದ ಬಿಪಿ ಮಾತ್ರೆ, ಒಳ್ಳೆಯ ಔಷಧವೇ. ಬಿಪಿಯನ್ನು ಅದು ಇರ್ಬೆಸಾರ್ಟನ್‌ನಷ್ಟೇ ಇಳಿಸಿತು. ಆದರೂ ಕಿಡ್ನಿ ಹದಗೆಡುವ ಅಥವಾ ಸಾಯುವ ಅಪಾಯ ಇರ್ಬೆಸಾರ್ಟನ್ ತೆಗೆದುಕೊಂಡವರಲ್ಲಿ ಶೇ 23ರಷ್ಟು ಕಡಿಮೆಯಿತ್ತು. ಪಾರ್ವಿಂಗ್ ಅಧ್ಯಯನದಲ್ಲಿ ಎರಡು ವರ್ಷದಲ್ಲಿ ಅಲ್ಪ ಸೋರಿಕೆಯಿಂದ ಧಾರಾಳ ಸೋರಿಕೆಗೆ ಜಾರಿದವರು ಹುಸಿ ಮಾತ್ರೆಯಲ್ಲಿ ಶೇ 14.9, ಹೆಚ್ಚಿನ ಪ್ರಮಾಣದ ಇರ್ಬೆಸಾರ್ಟನ್‌ನಲ್ಲಿ ಶೇ 5.2. ಬೇಗ ಕಂಡುಹಿಡಿದಷ್ಟೂ ಲಾಭ ಹೆಚ್ಚು ಎಂದು ಇದು ತೋರಿಸಿತು. ತಡವಾದವರ ಲೆಕ್ಕ ಅಷ್ಟು ಸಮಾಧಾನದ್ದಲ್ಲ. ಲೋಸಾರ್ಟನ್ ಅಧ್ಯಯನದಲ್ಲಿ ಸುಮಾರು ಮೂರೂವರೆ ವರ್ಷದಲ್ಲಿ ಕಿಡ್ನಿ ಪೂರ್ತಿ ಸೋತವರು ಹುಸಿ ಮಾತ್ರೆಯಲ್ಲಿ ಶೇ 25.5, ಲೋಸಾರ್ಟನ್‌ನಲ್ಲಿ ಶೇ 19.6. ಮಾತ್ರೆ ನುಂಗಿದರೂ ಐವರಲ್ಲಿ ಒಬ್ಬರ ಕಿಡ್ನಿ ಉಳಿಯಲಿಲ್ಲ. ಈ ಮಾತ್ರೆ ಕಾಯಿಲೆಯ ನಡಿಗೆಯನ್ನು ನಿಧಾನಿಸುತ್ತದೆ, ಕೆಟ್ಟದ್ದನ್ನು ರಿಪೇರಿ ಮಾಡುವುದಿಲ್ಲ.

ಒಂದು ಒಳ್ಳೆಯದಾದರೆ ಎರಡೂ ಸೇರಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಪ್ರಿಲ್ ಮತ್ತು ಸಾರ್ಟನ್‌ಗಳನ್ನು ಜೊತೆಗೆ ಕೊಟ್ಟೂ ನೋಡಿದರು. 2008ರ ದೊಡ್ಡ ಅಧ್ಯಯನದಲ್ಲಿ ಜೋಡಿ ಔಷಧದಿಂದ ಕಿಡ್ನಿಗೆ ತೊಂದರೆ ಹೆಚ್ಚಾಯಿತು. ಸಕ್ಕರೆ ಕಾಯಿಲೆಯ ಕಿಡ್ನಿ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಇನ್ನೊಂದನ್ನು ಪೊಟ್ಯಾಸಿಯಂ ಏರಿಕೆ ಮತ್ತು ಹಠಾತ್ ಕಿಡ್ನಿ ಹಾನಿಯ ಕಾರಣಕ್ಕೆ ಅರ್ಧದಲ್ಲೇ ನಿಲ್ಲಿಸಿ, 2013ರಲ್ಲಿ ಪ್ರಕಟಿಸಿದರು. ಎರಡರಲ್ಲಿ ಒಂದೇ ಸಾಕು ಎಂಬುದು ಈಗ ನಿಯಮ. ಗರ್ಭಿಣಿಯರಿಗೆ ಎರಡೂ ಕೂಡದು.

ಕಣ್ಣಿನ ಕಥೆ ಬೇರೆ

ಕಣ್ಣಿನ ಪರದೆಯ ರಕ್ತನಾಳಗಳೂ ಕಿಡ್ನಿಯವುಗಳಂತೆ ತೀರಾ ಸಣ್ಣವು. ಸಕ್ಕರೆ ಅವುಗಳನ್ನೂ ಕೆಡಿಸುತ್ತದೆ. ಹಾಗಾದರೆ ಇದೇ ಮಾತ್ರೆ ಕಣ್ಣನ್ನೂ ಕಾಯಬೇಕಲ್ಲ ಎಂಬ ಆಸೆ ಸಹಜ.

1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ದೀರ್ಘ ಅಧ್ಯಯನ ಟೈಪ್ 2 ಮತ್ತು ಬಿಪಿ ಎರಡೂ ಇದ್ದ 1,148 ಮಂದಿಯ ಫಲಿತಾಂಶ ಪ್ರಕಟಿಸಿತು. ಒಂದು ಗುಂಪಿನ ಸರಾಸರಿ ಬಿಪಿ 144/82, ಇನ್ನೊಂದರದು 154/87. ಇಷ್ಟೇ ವ್ಯತ್ಯಾಸಕ್ಕೆ ಕಣ್ಣಿನ ಪರದೆ ಹದಗೆಡುವುದು ಶೇ 34ರಷ್ಟು, ದೃಷ್ಟಿ ಗಣನೀಯವಾಗಿ ಕುಂದುವುದು ಶೇ 47ರಷ್ಟು ಕಡಿಮೆಯಾಯಿತು. ಆದರೆ ಬಿಪಿ ಇಳಿಸಲು ಕ್ಯಾಪ್ಟೋಪ್ರಿಲ್ ಕೊಟ್ಟರೂ ಅಟೆನೊಲಾಲ್ ಕೊಟ್ಟರೂ ಫಲ ಒಂದೇ. ಇಲ್ಲಿ ಕಣ್ಣನ್ನು ಕಾದದ್ದು ಇಳಿದ ಒತ್ತಡ, ಇಂಥದ್ದೇ ಮಾತ್ರೆ ಎಂದಲ್ಲ.

ಅದೇ ವರ್ಷ ಟೈಪ್ 1 ರೋಗಿಗಳ ಮೇಲಿನ ಯೂರೋಪಿನ ಅಧ್ಯಯನವೊಂದರಲ್ಲಿ ಎರಡು ವರ್ಷದಲ್ಲಿ ಕಣ್ಣು ಹದಗೆಟ್ಟವರು ಹುಸಿ ಮಾತ್ರೆಯಲ್ಲಿ ಶೇ 23.4, ಲಿಸಿನೊಪ್ರಿಲ್‌ನಲ್ಲಿ ಶೇ 13.2. ಆಸೆ ಚಿಗುರಿತು. ಆದರೆ ಕಣ್ಣಿಗಾಗಿಯೇ ರೂಪಿಸಿದ, ಕ್ಯಾಂಡೆಸಾರ್ಟನ್ ಬಳಸಿದ ದೊಡ್ಡ ಅಧ್ಯಯನಗಳು 2008ರಲ್ಲಿ ಮುಖ್ಯ ಗುರಿಯನ್ನು ಸಾಧಿಸಲಿಲ್ಲ. ಅಲ್ಲಲ್ಲಿ ಒಳ್ಳೆಯ ಸೂಚನೆಗಳಿದ್ದವು, ಖಚಿತ ಉತ್ತರವಿರಲಿಲ್ಲ. 2009ರಲ್ಲಿ ಇನ್ನೊಂದು ಅಚ್ಚರಿ. ಬಿಪಿಯೂ ಸರಿಯಿದ್ದ, ಅಲ್ಬುಮಿನ್ನೂ ಸೋರದ 285 ಟೈಪ್ 1 ರೋಗಿಗಳಿಗೆ ಐದು ವರ್ಷ ಎನಲಾಪ್ರಿಲ್, ಲೋಸಾರ್ಟನ್ ಅಥವಾ ಹುಸಿ ಮಾತ್ರೆ ಕೊಟ್ಟು, ಕಿಡ್ನಿಯ ಚೂರು ತೆಗೆದು ಹೋಲಿಸಿದರು. ಕಿಡ್ನಿಗೆ ಏನೂ ಲಾಭವಾಗಿರಲಿಲ್ಲ. ಕಣ್ಣು ಹದಗೆಡುವುದು ಮಾತ್ರ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು.

ಇದರಿಂದ ಎರಡು ಮಾತು ಸ್ಪಷ್ಟವಾಯಿತು. ಸೋರಿಕೆಯೇ ಇಲ್ಲದ, ಬಿಪಿಯೂ ಇಲ್ಲದ ಪ್ರತಿಯೊಬ್ಬ ಸಕ್ಕರೆ ರೋಗಿಗೂ ‘ಕಿಡ್ನಿ ಕಾಯಲಿ’ ಎಂದು ಈ ಮಾತ್ರೆ ಕೊಡಲು ಆಧಾರವಿಲ್ಲ. ಕಣ್ಣಿಗೆ ಇದು ಸಹಾಯ ಮಾಡಬಹುದಾದರೂ, ಕಣ್ಣೊಂದನ್ನೇ ನೆಚ್ಚಿ ಬರೆಯುವಷ್ಟು ಖಚಿತತೆ ಸಿಕ್ಕಿಲ್ಲ. ಕಣ್ಣಿಗೆ ಇವತ್ತಿಗೂ ಮುಖ್ಯವಾದದ್ದು ಸಕ್ಕರೆ ಮತ್ತು ಬಿಪಿಯ ಹತೋಟಿ, ನಿಯಮಿತವಾಗಿ ಪರದೆಯ ಪರೀಕ್ಷೆ, ಬೇಕಾದಾಗ ಲೇಸರ್ ಅಥವಾ ಚುಚ್ಚುಮದ್ದು. ಮಾತ್ರೆ ನುಂಗುತ್ತಿದ್ದೇನಲ್ಲ ಎಂದು ಕಣ್ಣಿನ ಡಾಕ್ಟರ ಬಳಿಗೆ ಹೋಗದಿರುವುದು ಅಪಾಯ.

ಕೈಗೆಟುಕುವ ಮಾತ್ರೆ, ಮಾಡಿಸದ ಪರೀಕ್ಷೆ

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು, ಅಧಿಕ ರಕ್ತದೊತ್ತಡ ಇರುವವರು 31 ಕೋಟಿಗೂ ಹೆಚ್ಚು. ಔಷಧ ನಮ್ಮಲ್ಲಿ ದುಬಾರಿಯಲ್ಲ. 1970ರ ಪೇಟೆಂಟ್ ಕಾಯಿದೆ ಔಷಧಕ್ಕಲ್ಲದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು. 2005ರವರೆಗೆ ಇದ್ದ ಆ ವ್ಯವಸ್ಥೆಯಲ್ಲಿ ನಮ್ಮ ಕಂಪನಿಗಳು ಪ್ರಿಲ್, ಸಾರ್ಟನ್‌ಗಳನ್ನು ಬೇರೆ ದಾರಿಯಲ್ಲಿ ತಯಾರಿಸಿ ಅಗ್ಗವಾಗಿ ಮಾರಿದವು. ಟೆಲ್ಮಿಸಾರ್ಟನ್ ಈಗ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ.

ಮಾತ್ರೆ ಯಾರಿಗೆ ಬೇಕೆಂದು ಹೇಳುವ ಪರೀಕ್ಷೆಯ ಕಡೆಗೇ ನಮ್ಮ ಗಮನ ಕಡಿಮೆ. ಸಕ್ಕರೆ ಎಷ್ಟಿದೆ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳುವವರೂ ಮೂತ್ರದ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತದ ಹೆಸರೇ ಕೇಳಿರುವುದಿಲ್ಲ. ಟೈಪ್ 2 ಪತ್ತೆಯಾದ ದಿನದಿಂದಲೇ, ಟೈಪ್ 1 ಆದರೆ ಐದು ವರ್ಷದ ನಂತರ, ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು ಎನ್ನುತ್ತವೆ ಮಾರ್ಗಸೂಚಿಗಳು. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂ ದಾಟಿದರೆ ಎಚ್ಚರ. ನೋವಿಲ್ಲ, ಊತವಿಲ್ಲ, ನೊರೆಯೂ ಕಾಣುವುದಿಲ್ಲ. ಮಾತ್ರೆಯಿಂದ ಹೆಚ್ಚು ಉಪಯೋಗವಾಗುವುದು ಆ ಹಂತದಲ್ಲೇ.

ಹೆಸರಿನ ಗೊಂದಲ ಇಲ್ಲಿಗೆ ಮುಗಿದಿಲ್ಲ. ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಮಾತ್ರೆಗಳು ಸಕ್ಕರೆ ಇಳಿಸಲೆಂದು ಬಂದವು. ಆಗಲೇ ಪ್ರಿಲ್ ಅಥವಾ ಸಾರ್ಟನ್ ತೆಗೆದುಕೊಳ್ಳುತ್ತಿದ್ದ 4,401 ಮಂದಿಗೆ ಅವುಗಳಲ್ಲೊಂದನ್ನು ಸೇರಿಸಿ ಕೊಟ್ಟಾಗ ಅಪಾಯ ಇನ್ನೂ ಶೇ 30ರಷ್ಟು ಇಳಿಯಿತು ಎಂದು 2019ರಲ್ಲಿ ಗೊತ್ತಾಯಿತು. ಪ್ರಿಲ್ ಹೊರಹೋಗುವ ನಾಳವನ್ನು ಸಡಿಲಿಸಿದರೆ, ಇವು ಒಳಬರುವ ನಾಳವನ್ನು ಹದವಾಗಿ ಬಿಗಿಯುತ್ತವೆ. ಈಗ ಸಕ್ಕರೆ ಕಾಯಿಲೆ ಇಲ್ಲದ ಕಿಡ್ನಿ ರೋಗಿಗಳಿಗೂ ಇವನ್ನು ಬರೆಯುತ್ತಾರೆ. ‘ನನಗೆ ಸಕ್ಕರೆಯೇ ಇಲ್ಲವಲ್ಲ, ಈ ಸಕ್ಕರೆ ಮಾತ್ರೆ ಯಾಕೆ?’ ಎಂಬ ಪ್ರಶ್ನೆ ಔಷಧದ ಅಂಗಡಿಗಳಲ್ಲಿ ಇನ್ನು ಮುಂದೆ ಕೇಳಿಬರಲಿದೆ.

ಯುಕೆಪಿಡಿಎಸ್ ಮುಗಿದ ಮೇಲೆ ಅದರ ರೋಗಿಗಳನ್ನು ಇನ್ನೂ ಹತ್ತು ವರ್ಷ ಗಮನಿಸಿ 2008ರಲ್ಲಿ ಎರಡು ವರದಿ ಬಂದವು. ಆರಂಭದಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟವರಿಗೆ, ಆ ವ್ಯತ್ಯಾಸ ಅಳಿಸಿಹೋದ ಮೇಲೂ ವರ್ಷಗಟ್ಟಲೆ ಲಾಭ ಉಳಿಯಿತು. ಬಿಪಿಯ ವಿಷಯದಲ್ಲಿ ಹಾಗಾಗಲಿಲ್ಲ. ಎರಡು ಗುಂಪುಗಳ ಬಿಪಿ ವ್ಯತ್ಯಾಸ ಎರಡು ವರ್ಷದೊಳಗೆ ಇಲ್ಲವಾಯಿತು, ಅದರೊಂದಿಗೆ ಗಳಿಸಿದ ಲಾಭವೂ ಕರಗಿತು. ಒತ್ತಡದ ಹತೋಟಿ ಮುಂದಿನ ದಿನಗಳಿಗೆ ಠೇವಣಿಯಾಗಿ ಉಳಿಯುವುದಿಲ್ಲ. ತೆಗೆದುಕೊಂಡಷ್ಟು ದಿನದ ಕಾವಲು ಅಷ್ಟೇ. ಆದ್ದರಿಂದ ಡಬ್ಬಿಯಲ್ಲಿ ಪ್ರಿಲ್ ಅಥವಾ ಸಾರ್ಟನ್ ಇದ್ದು ಅದು ಯಾಕೆಂದು ಗೊತ್ತಿಲ್ಲದಿದ್ದರೆ, ನಿಲ್ಲಿಸುವ ಮೊದಲು ಬರೆದ ವೈದ್ಯರನ್ನು ಒಂದು ಮಾತು ಕೇಳಿ: ಇದು ಬಿಪಿಗೋ, ಕಿಡ್ನಿಗೋ, ನನ್ನ ಮೂತ್ರದ ಅಲ್ಬುಮಿನ್ ಈಗ ಎಷ್ಟಿದೆ?